ಮಗಳು ಧರ್ಮಗಳ ಅಧ್ಯಯನಕ್ಕೆ ಹೊರಟಿದ್ದಾಳೆ, ಕಳಿಸಲೇ?

ಪ್ರಶ್ನೆ: ನಾವು ಗದಗ ಜಿಲ್ಲೆಯ ಒಂದು ಹಳ್ಳಿಯವರು, ಲಿಂಗಾಯತರು. ಮಗಳು ಇತಿಹಾಸದಲ್ಲಿ ಬಿ.ಎ. ಮುಗಿಸಿದ್ದಾಳೆ. ಕೊನೆಯ ವರ್ಷ ನಮ್ಮೂರ ಮೊಹರಂ ಬಗ್ಗೆ ಪ್ರಾಜೆಕ್ಟ್ ಮಾಡಿದಳು. ಮನೆ ಮನೆಗೆ ಹೋಗಿ ಏನೇನೋ ಕೇಳಿದಳು. ಕೆಲವು ಹಿರಿಯರಿಗೆ ಅದು ಸರಿ ಬರಲಿಲ್ಲ. ಈಗ ‘ಧರ್ಮಗಳ ತೌಲನಿಕ ಅಧ್ಯಯನ’ದಲ್ಲಿ ಎಂ.ಎ. ಮಾಡುತ್ತೇನೆ ಅನ್ನುತ್ತಿದ್ದಾಳೆ. ಧರ್ಮ ಕಲಿಯಬೇಕಾದರೆ ಮಠದಲ್ಲಿ ಕಲಿಯಬಹುದಲ್ಲ? ಯೂನಿವರ್ಸಿಟಿಯಲ್ಲಿ ಏನು ಕಲಿಸುತ್ತಾರೆ? ದೇವರನ್ನು ಪರೀಕ್ಷೆಗೆ ಹಚ್ಚುವುದು ಸರಿಯೇ? ಓದಿ ಬಂದ ಮೇಲೆ ನಂಬಿಕೆ ಉಳಿಯುತ್ತದೆಯೇ? ಕೆಲಸವಾದರೂ ಸಿಗುತ್ತದೆಯೇ?

ಉತ್ತರ: ಕಳಿಸಿ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಜಾಗ ಬೇಕು. ನಿಮ್ಮ ಪ್ರಶ್ನೆಗಳಲ್ಲಿ ಒಂದೂ ಹಗುರವಾದದ್ದಲ್ಲ.

ಮಗಳು ಮಾಡಿದ ಪ್ರಾಜೆಕ್ಟ್‌ನಿಂದಲೇ ಶುರು ಮಾಡೋಣ. ನಿಮ್ಮ ಕಡೆ ಮೊಹರಂ ಹೇಗೆ ನಡೆಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ನಾಲ್ಕು ಮಾತು. ಚಂದ್ರ ಕಂಡ ಮೇಲೆ ಗುದ್ದಲಿ ಹಾಕುತ್ತಾರೆ. ಅಂದರೆ ಮಸೀದಿ ಮುಂದೆ ಬೆಂಕಿ ಹಾಕುವ ಗುಂಡಿ, ಅಲಾಯಿ ಕುಣಿ, ತೋಡುತ್ತಾರೆ. ಪೆಟ್ಟಿಗೆಯಲ್ಲಿಟ್ಟ ಪಂಜಾಗಳನ್ನು, ಅಂದರೆ ಅಲಾಯಿ ದೇವರು ಅಂತ ಕರೆಯುವ ಹಸ್ತದ ಆಕಾರದ ಲೋಹದ ಲಾಂಛನಗಳನ್ನು, ತೆಗೆದು, ತೊಳೆದು, ಬಟ್ಟೆ ಹೂವು ಏರಿಸಿ ಕೂರಿಸುತ್ತಾರೆ. ಹರಕೆ ಹೊತ್ತವರು ಲಾಡಿ (ಹರಕೆಯ ದಾರ) ಹಾಕಿಕೊಂಡು ಫಕೀರರಾಗುತ್ತಾರೆ. ಮನೆಮನೆಯಿಂದ ಸಕ್ಕರೆ, ಚೊಂಗೆ ಅನ್ನುವ ಸಿಹಿ ತಿಂಡಿ ತಂದು ಮುಲ್ಲಾರಿಂದ ಓದಿಸುತ್ತಾರೆ. ಕತ್ತಲ ರಾತ್ರಿ ಕುಣಿಯಲ್ಲಿ ಕೆಂಡ ಉರಿಯುತ್ತದೆ. ಹೆಜ್ಜೆ ಮೇಳದವರು ಹಾಡುವ ರಿವಾಯತ್ ಪದಗಳು, ಅಂದರೆ ಮೊಹರಂ ಹಾಡುಗಳು, ಅಚ್ಚ ಕನ್ನಡದಲ್ಲಿರುತ್ತವೆ. ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತವೆ. ಒಂದೇ ಒಂದು ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಇದು ನಡೆಯುತ್ತದೆ. ಆಗ ಪಕ್ಕದ ಊರಿಂದ ಮುಲ್ಲಾ ಬಂದು ಓದಿಕೆ ಮಾಡಿ ಹೋಗುತ್ತಾರೆ.

ಇದನ್ನು ನೋಡಿದ ಒಬ್ಬ ಮೌಲವಿ, ‘ಇಸ್ಲಾಮಿನಲ್ಲಿ ಹೀಗೆಲ್ಲ ಇಲ್ಲ’ ಅನ್ನಬಹುದು. ಒಬ್ಬ ಸ್ವಾಮಿಗಳು, ‘ಇಷ್ಟಲಿಂಗ ಕಟ್ಟಿದವರು ಅಲಾಯಿ ದೇವರಿಗೆ ಯಾಕೆ ನಡೆದುಕೊಳ್ಳಬೇಕು’ ಅಂತ ಕೇಳಬಹುದು. ವಿಚಾರವಾದಿ ಬಂದರೆ, ಕೆಂಡ ಹಾದರೂ ಕಾಲು ಯಾಕೆ ಸುಡುವುದಿಲ್ಲ ಅಂತ ವಿವರಿಸಬಹುದು. ಪತ್ರಿಕೆಯವರು ‘ಭಾವೈಕ್ಯದ ಮೊಹರಂ’ ಅಂತ ಹೆಡ್ಡಿಂಗ್ ಕೊಡುತ್ತಾರೆ. ನಾಲ್ವರೂ ತೀರ್ಪು ಕೊಟ್ಟಾಯಿತು. ನಿಮ್ಮ ಮಗಳು ಮಾತ್ರ ತೀರ್ಪು ಕೊಡದೆ ಪ್ರಶ್ನೆ ಕೇಳುತ್ತಾ ಓಡಾಡಿದಳು. ಈ ಶಾಸ್ತ್ರ ಅಲ್ಲಿಂದಲೇ ಶುರುವಾಗುತ್ತದೆ.

ಯಾವ ಪ್ರಶ್ನೆಗಳು ಅಂತೀರಾ? ಪಂಜಾ ಹಿಡಿಯುವ ಹಕ್ಕು ಯಾವ ಮನೆತನದ್ದು? ಅದು ಅವರಿಗೆ ಹೇಗೆ ಬಂತು? ಹಿಂದೆ ಮಸೀದಿಗೆ ಇನಾಮು ಜಮೀನು ಇತ್ತೇ? ಇನಾಮು ರದ್ದಾದ ಮೇಲೆ ಖರ್ಚು ಯಾರ ಮೇಲೆ ಬಿತ್ತು? ಕುಣಿ ತೋಡುವವರು ಯಾರು, ಕಟ್ಟಿಗೆ ತರುವವರು ಯಾರು, ಹಲಗೆ ಬಡಿಯುವವರು ಯಾರು? ಹಲಗೆ ಬಡಿಯುವವರು ದೇವರು ಕೂತ ಕಟ್ಟೆ ಹತ್ತಬಹುದೇ? ಹೆಂಗಸರು ಎಲ್ಲಿ ನಿಂತು ನೋಡುತ್ತಾರೆ? ಹಾಡು ಕಟ್ಟಿದವರು ಯಾರು, ಈಗಿನ ಹುಡುಗರಿಗೆ ಅದು ಬಾಯಿಗೆ ಬರುತ್ತದೆಯೇ? ಡಿಜೆ ಬಂದ ಮೇಲೆ ಹೆಜ್ಜೆ ಮೇಳ ಏನಾಯಿತು? ಸಕ್ಕರೆ ಓದಿಸುವ ಅಜ್ಜಿಯನ್ನು ‘ಈ ದೇವರು ಯಾರು’ ಅಂತ ಕೇಳಿದರೆ ಏನು ಹೇಳುತ್ತಾಳೆ?

ಇಷ್ಟಕ್ಕೆಲ್ಲ ಉತ್ತರ ಹುಡುಕಿದರೆ ‘ಭಾವೈಕ್ಯ’ ಅನ್ನುವ ಒಂದು ಮಾತಿನೊಳಗೆ ಎಷ್ಟೆಲ್ಲ ಇತ್ತು ಅಂತ ಗೊತ್ತಾಗುತ್ತದೆ. ಜನ ಒಂದಾಗಿ ಬದುಕುವುದು ನಿಜ. ಆ ಒಂದಾಗುವುದರಲ್ಲಿ ಯಾರಿಗೆ ಯಾವ ಜಾಗ ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಬರೆಯಬೇಕು. ‘ಎಲ್ಲ ಧರ್ಮಗಳ ಸಾರ ಒಂದೇ’ ಅನ್ನುವ ಮಾತು ನೆರೆಹೊರೆಯವರ ಜೊತೆ ಬಾಳುವುದಕ್ಕೆ ಒಳ್ಳೆಯದು. ಓದನ್ನು ಅಲ್ಲಿಂದ ಶುರು ಮಾಡಿದರೆ ಮಾತ್ರ ಕಣ್ಣಿಗೆ ಏನೂ ಬೀಳುವುದಿಲ್ಲ. ತರಗತಿಯ ಮೊದಲ ದಿನವೇ ನಾನು ಇದನ್ನು ಹೇಳುತ್ತೇನೆ, ಗಟ್ಟಿಯಾಗಿಯೇ ಹೇಳುತ್ತೇನೆ.

ಇಲ್ಲಿಂದ ಹಿಂದಕ್ಕೆ ಹೋದರೆ ಇತಿಹಾಸ ಸಿಗುತ್ತದೆ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪೈಗಂಬರರ ಮೊಮ್ಮಗ ಹುಸೇನರು ಕೊಲ್ಲಲ್ಪಟ್ಟರು. ಆ ದುಃಖದ ನೆನಪೇ ಮೊಹರಂ. ದಖನ್ನಿನಲ್ಲಿ ಬಿಜಾಪುರದ ಆದಿಲ್‌ಶಾಹಿ ದೊರೆಗಳಲ್ಲಿ ಹಲವರು, ಗೋಲ್ಕೊಂಡದ ಕುತುಬ್‌ಶಾಹಿ ದೊರೆಗಳು ಶಿಯಾ ಪಂಥದವರು. ಅವರ ಆಳ್ವಿಕೆಯಲ್ಲಿ ಮೊಹರಂ ಆಚರಿಸುವ ಮನೆಗಳು, ಅಂದರೆ ಆಶುರಖಾನಾಗಳು, ಎದ್ದವು, ಪಂಜಾ ಕೂರಿಸುವ ಪದ್ಧತಿ ಹಬ್ಬಿತು. ಅರಮನೆಯ ಆಚರಣೆ ಹೊಲಗೇರಿವರೆಗೆ, ಕುರುಬರ ಓಣಿವರೆಗೆ ಹೇಗೆ ಬಂತು? ಬರುತ್ತಾ ಬರುತ್ತಾ ಅಳುವ ದಿನ ಹರಕೆ ತೀರಿಸುವ ದಿನ ಹೇಗಾಯಿತು? ಒಬ್ಬ ಸಂಶೋಧಕನ ಇಡೀ ಆಯುಷ್ಯಕ್ಕೆ ಸಾಕಾಗುವ ಪ್ರಶ್ನೆಗಳಿವು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂಗೆ ಸಾವಿರಾರು ಜನ ಸೇರುತ್ತಾರಲ್ಲ, ಅಲ್ಲಿ ನಿಂತು ನೋಡಿದರೆ ಇವೆಲ್ಲ ಪುಸ್ತಕದ ಪ್ರಶ್ನೆಗಳು ಅನ್ನಿಸುವುದೇ ಇಲ್ಲ.

ಈಗ ನಿಮ್ಮ ಮಠದ ಪ್ರಶ್ನೆ. ಮಠದಲ್ಲಿ ಕಲಿಯುವುದು ದೊಡ್ಡದು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಲ್ಲಿ ಕಲಿಸುವುದು ಒಂದು ದಾರಿಯಲ್ಲಿ ನಡೆಯುವುದನ್ನು. ಚರ್ಚಿನ ಸೆಮಿನರಿಯಲ್ಲೂ, ಮದರಸಾದಲ್ಲೂ ಹಾಗೆಯೇ. ‘ನಮ್ಮ ದಾರಿ ಸರಿ’ ಅನ್ನುವಲ್ಲಿಂದ ಅಲ್ಲಿಯ ಓದು ಶುರುವಾಗುತ್ತದೆ, ಆಗಲೂ ಬೇಕು. ಯೂನಿವರ್ಸಿಟಿಯಲ್ಲಿ ಒಂದೇ ನಿಯಮ. ಬೇರೆಯವರ ಧರ್ಮಕ್ಕೆ ಯಾವ ಪ್ರಶ್ನೆ ಕೇಳುತ್ತೀಯೋ ಅದನ್ನೇ ನಿನ್ನ ಮನೆಯ ಧರ್ಮಕ್ಕೂ ಕೇಳಬೇಕು. ನಿನ್ನದಕ್ಕೆ ಎಷ್ಟು ಗೌರವ ಕೊಡುತ್ತೀಯೋ ಅಷ್ಟನ್ನೇ ಅವರದಕ್ಕೂ ಕೊಡಬೇಕು. ಹೇಳುವುದು ಸುಲಭ. ಮಾಡುವುದಕ್ಕೆ ವರ್ಷಗಳು ಬೇಕು.

ಈ ಓದಿಗೆ ಹೆಸರು, ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜರ್ಮನಿಯಲ್ಲಿ ಹುಟ್ಟಿ ಆಕ್ಸ್‌ಫರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ಮ್ಯಾಕ್ಸ್ ಮುಲ್ಲರ್ 1870ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟು, ಧರ್ಮಗಳನ್ನೂ ಒಂದು ಶಾಸ್ತ್ರವಾಗಿ ಓದಬೇಕು ಅಂದರು. ಒಂದೇ ಧರ್ಮ ಬಲ್ಲವನು ಯಾವುದನ್ನೂ ಬಲ್ಲವನಲ್ಲ ಅನ್ನುವುದು ಅವರ ಮಾತು. ಭಾಷೆಗಳ ಬಗ್ಗೆ ಜರ್ಮನ್ ಕವಿ ಗಯಟೆ ಹೇಳಿದ್ದನ್ನು ಅವರು ಧರ್ಮಗಳಿಗೆ ಹೊಂದಿಸಿದರು. 1876ರಲ್ಲಿ ನೆದರ್‌ಲೆಂಡ್ಸ್ ಒಂದು ಕಾನೂನು ಮಾಡಿತು. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಧರ್ಮಗಳ ಇತಿಹಾಸವನ್ನು ಕಲಿಸಬೇಕು, ಚರ್ಚಿನ ಸಿದ್ಧಾಂತವನ್ನು ಚರ್ಚು ನೇಮಿಸಿದವರು ಬೇರೆಯಾಗಿ ಕಲಿಸಲಿ ಅಂತ. ಮರುವರ್ಷ ಲೈಡನ್‌ನಲ್ಲಿ ಟೀಲೆ ಅನ್ನುವವರು ಅದಕ್ಕೆ ಪ್ರೊಫೆಸರ್ ಆದರು. ಮಠದ ಓದು, ಯೂನಿವರ್ಸಿಟಿ ಓದು ಬೇರೆ ಬೇರೆ ಅನ್ನುವುದನ್ನು ಆ ದೇಶ ಕಾನೂನಿನಲ್ಲೇ ಬರೆದಿಟ್ಟಿತು.

ಮುಲ್ಲರ್ ಮೇಲೆ ನನಗೆ ಗೌರವವಿದೆ, ಒಂದು ದೂರೂ ಇದೆ. ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಅವರ ಮುಂದಾಳತ್ವದಲ್ಲಿ 1879ರಿಂದ 1910ರವರೆಗೆ ಪೂರ್ವದೇಶಗಳ ಪವಿತ್ರ ಗ್ರಂಥಗಳ 50 ಸಂಪುಟಗಳು ಇಂಗ್ಲಿಷಿಗೆ ಬಂದವು. ಉಪನಿಷತ್ತು, ಧಮ್ಮಪದ, ಕುರಾನು, ಜೈನ ಸೂತ್ರಗಳು, ಚೀನಾದ ಗ್ರಂಥಗಳು ಎಲ್ಲ ಇವೆ. ಕನ್ನಡದ್ದು ಒಂದೂ ಇಲ್ಲ, ತಮಿಳಿನದೂ ಇಲ್ಲ. ಧರ್ಮ ಅಂದರೆ ಗ್ರಂಥ, ಅದೂ ಹಳೆಯ ಗ್ರಂಥ, ಅನ್ನುವ ಅಳತೆಗೋಲು ಅದು. ಆ ಅಳತೆಯಲ್ಲಿ ನಿಮ್ಮೂರ ರಿವಾಯತ್ ಪದ ಲೆಕ್ಕಕ್ಕೇ ಬರುವುದಿಲ್ಲ.

ಅಳತೆಗೋಲು ಆಮೇಲೆ ಎಷ್ಟು ಬದಲಾಯಿತು ಅನ್ನುವುದಕ್ಕೆ ನಮ್ಮ ಕರಾವಳಿಯಲ್ಲೇ ಸಾಕ್ಷಿ ಇದೆ. ಫಿನ್‌ಲೆಂಡಿನ ಲೌರಿ ಹೊಂಕೊ ಧರ್ಮ ಮತ್ತು ಜಾನಪದ ಎರಡರಲ್ಲೂ ದೊಡ್ಡ ವಿದ್ವಾಂಸರು. ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ ತುಳುನಾಡಿನ ಸಿರಿ ಪಾಡ್ದನವನ್ನು, ಅಂದರೆ ಸಿರಿ ಅನ್ನುವ ದೈವದ ಕತೆ ಹೇಳುವ ಹಾಡನ್ನು, ದಾಖಲು ಮಾಡಿದರು. ಹಾಡಿದವರು ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು. ಗದ್ದೆ ಕೆಲಸದ ಹಾಡುಗಳಲ್ಲಿ ಪಳಗಿದವರು, ಸಿರಿ ಜಾತ್ರೆಯಲ್ಲಿ ಆವೇಶ ಬರುವ ಹೆಂಗಸರ ಗುಂಪನ್ನು ನಡೆಸುವವರು. 1990ರ ಡಿಸೆಂಬರಿನಲ್ಲಿ ಅವರು ದಿನಗಟ್ಟಲೆ ಹೇಳುತ್ತಾ ಹೋದರು. ಅಚ್ಚಾದಾಗ ಅದು 15,683 ಸಾಲು. ಯಾವ ಪುಸ್ತಕದಲ್ಲೂ ಇರದೆ ಒಬ್ಬ ಮನುಷ್ಯನ ನೆನಪಿನಲ್ಲಿ ಇದ್ದ ಕಾವ್ಯ. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಮುಲ್ಲರ್ ಕಾಲದಲ್ಲಾಗಿದ್ದರೆ ಇದನ್ನು ‘ಪವಿತ್ರ ಪಠ್ಯ’ ಅಂತ ಯಾರೂ ಒಪ್ಪುತ್ತಿರಲಿಲ್ಲ. ಸಿರಿಯ ಹೆಸರು ಹೇಳಿದೊಡನೆ ಮೈಮೇಲೆ ಬರುವ ಹೆಂಗಸಿಗೆ ಅದಕ್ಕಿಂತ ಪವಿತ್ರ ಬೇರೆ ಯಾವುದು?

ಇಲ್ಲಿ ಇನ್ನೊಂದು ಗಮನಿಸಿ. ಹೊಂಕೊ ಹೊರಗಿನವರು, ರೈ ಮತ್ತು ಗೌಡರು ತುಳುನಾಡಿನವರು. ಹೊರಗಿನ ಕಣ್ಣು ಕೇಳುವ ಪ್ರಶ್ನೆ ಒಳಗಿನವರಿಗೆ ಹೊಳೆಯುವುದಿಲ್ಲ. ಒಳಗಿನವರ ಕಿವಿಗೆ ಕೇಳುವ ದನಿ ಹೊರಗಿನವರಿಗೆ ಕೇಳುವುದಿಲ್ಲ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಧಾರ್ಮಿಕ ಬದುಕಿನ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕ ಇವತ್ತಿಗೂ ಓದಲೇಬೇಕಾದದ್ದು. ಅವರೂ ಕೊಡವರಲ್ಲ. ನಿಮ್ಮ ಮಗಳ ಸ್ಥಿತಿ ಇನ್ನೂ ಕಷ್ಟದ್ದು. ತನ್ನ ಊರಲ್ಲೇ ಅವಳು ಹೊರಗಿನವಳಂತೆ ಪ್ರಶ್ನೆ ಕೇಳಬೇಕು. ಹಿರಿಯರಿಗೆ ಇರುಸುಮುರುಸಾದದ್ದು ಅದಕ್ಕೇ. ‘ನಮ್ಮ ಮನೆ ಹುಡುಗಿ, ಗೊತ್ತಿದ್ದೂ ಕೇಳುತ್ತಾಳಲ್ಲ’ ಅನ್ನಿಸುತ್ತದೆ.

ಅದಕ್ಕೆ ದಾರಿ ಇದೆ. ಪೆನ್ನು ತೆಗೆಯುವ ಮೊದಲು ಯಾಕೆ ಕೇಳುತ್ತಿದ್ದೇನೆ ಅಂತ ಹೇಳಬೇಕು. ರೆಕಾರ್ಡ್ ಮಾಡಲೇ ಅಂತ ಕೇಳಬೇಕು, ಬೇಡ ಅಂದರೆ ಮಾಡಬಾರದು. ಹೆಸರು ಹಾಕಬೇಡ ಅಂದವರ ಹೆಸರು ಹಾಕಬಾರದು. ಎಲ್ಲಕ್ಕಿಂತ ಮುಖ್ಯ, ಬರೆದದ್ದನ್ನು ತಿರುಗಿ ಊರಿಗೆ ತಂದು ಅವರ ಮುಂದೆ ಓದಬೇಕು. ‘ಹೌದು, ಇದು ನಮ್ಮದೇ’ ಅಂತ ಅವರಿಗೆ ಅನ್ನಿಸಬೇಕು. ಆಮೇಲೆ ಆಕೆ ಕೊಡುವ ವಿವರಣೆಯನ್ನು ಅವರು ಒಪ್ಪದಿದ್ದರೂ ಪರವಾಗಿಲ್ಲ. ಮಗಳು ಇನ್ನೂ ಇದನ್ನು ಮಾಡಿಲ್ಲದಿದ್ದರೆ ಈ ಸಲದ ಗುದ್ದಲಿ ಹಾಕುವ ಮೊದಲೇ ಮಾಡಲಿ.

ದೇವರನ್ನು ಪರೀಕ್ಷೆಗೆ ಹಚ್ಚುವ ಮಾತು ಕೇಳಿದಿರಿ. ಈ ಶಾಸ್ತ್ರಕ್ಕೆ ದೇವರನ್ನು ಅಳೆಯುವ ಸಾಧನವೇ ಇಲ್ಲ. ಅಲಾಯಿ ದೇವರಿಗೆ ಶಕ್ತಿ ಇದೆಯೋ ಇಲ್ಲವೋ ಅಂತ ಅದು ಹೇಳುವುದಿಲ್ಲ, ಹೇಳಲೂ ಬಾರದು. ಶಕ್ತಿ ಇದೆ ಅಂತ ನಂಬಿದ ಜನ ಏನು ಮಾಡುತ್ತಾರೆ, ಆ ನಂಬಿಕೆಯಿಂದ ಅವರ ಬದುಕಿನಲ್ಲಿ ಏನಾಗುತ್ತದೆ, ಅದನ್ನು ನೋಡುತ್ತದೆ. ‘ಮೂಢನಂಬಿಕೆ’ ಅನ್ನುವ ಹಣೆಪಟ್ಟಿಯನ್ನೂ ಹಚ್ಚುವುದಿಲ್ಲ. ಆಗಿನ ಸುಡಾನಿನ ಅಜಾಂಡೆ ಜನರ ಬಗ್ಗೆ ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಬರೆದ ಒಂದು ಸಂಗತಿ ಕೇಳಿ. ಅವರ ಕಣಜಗಳು ಕಂಬಗಳ ಮೇಲೆ ನಿಂತಿರುತ್ತವೆ. ಬಿಸಿಲ ಹೊತ್ತಲ್ಲಿ ಜನ ಅದರ ಕೆಳಗೆ ನೆರಳಿಗೆ ಕೂರುತ್ತಾರೆ. ಕೆಲವೊಮ್ಮೆ ಕಣಜ ಕುಸಿದು ಕೂತವರಿಗೆ ಪೆಟ್ಟಾಗುತ್ತದೆ. ಯಾರದೋ ಮಾಟ ಅನ್ನುತ್ತಾರೆ. ಕಂಬಕ್ಕೆ ಗೆದ್ದಲು ಹಿಡಿದಿತ್ತು ಅನ್ನುವುದು ಅವರಿಗೂ ಗೊತ್ತು. ಅವರ ಪ್ರಶ್ನೆ ಬೇರೆ. ಸರಿಯಾಗಿ ಇವರೇ ಕೂತಾಗ, ಇದೇ ಹೊತ್ತಿಗೆ ಯಾಕೆ ಬಿತ್ತು? ಗೆದ್ದಲು ಇದಕ್ಕೆ ಉತ್ತರ ಕೊಡುವುದಿಲ್ಲ. ಅಪಘಾತದ ಸುದ್ದಿ ಕೇಳಿ ‘ಅವನೇ ಯಾಕೆ ಆ ಬಸ್ ಹತ್ತಬೇಕಿತ್ತು’ ಅಂತ ನಾವೂ ಕೇಳುತ್ತೇವೆ, ಅಲ್ವಾ? ಇದನ್ನು ಓದಿದ ಮೇಲೆ ಆ ಜನರನ್ನು ‘ಬುದ್ಧಿ ಇಲ್ಲದವರು’ ಅನ್ನುವುದು ಯಾರಿಗೂ ಸಾಧ್ಯವಿಲ್ಲ.

ಸರ್ಕಾರಿ ಯೂನಿವರ್ಸಿಟಿಯಲ್ಲಿ ಧರ್ಮ ಕಲಿಸಬಹುದೇ ಅಂತ ಕೆಲವರು ಕೇಳುತ್ತಾರೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆ ಕಾಲೇಜಿನಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತದೆ ಸಂವಿಧಾನದ 28ನೇ ವಿಧಿ. ಧರ್ಮಗಳ ಬಗ್ಗೆ ಕಲಿಸುವುದಕ್ಕೆ ಇದು ಅಡ್ಡಿಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲೇ ಇಂಥದ್ದೇ ಗೆರೆ ಎಳೆದಿತ್ತು. ಶಾಲೆಯಲ್ಲಿ ಪ್ರಾರ್ಥನೆಯಂತೆ ಬೈಬಲ್ ಓದಿಸಬೇಡಿ, ಧರ್ಮಗಳ ಬಗ್ಗೆ ಪಾಠ ಮಾಡಿ ಅಂತ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಈ ವಿಭಾಗಗಳು ಬೆಳೆದದ್ದು ಆಮೇಲೆ. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಒಂದು ವಿಭಾಗ ಶುರುವಾಯಿತು. ಅದೇ ವರ್ಷ ನಮ್ಮ ಪಟಿಯಾಲಾದ ಪಂಜಾಬಿ ಯೂನಿವರ್ಸಿಟಿಯಲ್ಲೂ ಗುರು ಗೋಬಿಂದ್ ಸಿಂಗ್ ಹೆಸರಿನಲ್ಲಿ ಒಂದು ವಿಭಾಗ ಬಂತು.

ನಂಬಿಕೆ ಉಳಿಯುತ್ತದೆಯೇ? ನನ್ನ ವಿದ್ಯಾರ್ಥಿಗಳಲ್ಲಿ ದಿನಾ ಲಿಂಗಪೂಜೆ ಮಾಡುವವರಿದ್ದಾರೆ, ನಮಾಜು ತಪ್ಪಿಸದವರಿದ್ದಾರೆ, ದೇವರ ಗೊಡವೆಯೇ ಬೇಡ ಅನ್ನುವವರೂ ಇದ್ದಾರೆ. ಪರೀಕ್ಷೆಯಲ್ಲಿ ಯಾರ ನಂಬಿಕೆಗೂ ಅಂಕ ಇಲ್ಲ. ಆದರೆ ಒಂದು ಬದಲಾವಣೆ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅನಾದಿಕಾಲದ್ದು ಅಂದುಕೊಂಡದ್ದರಲ್ಲಿ ಎಷ್ಟೋ ಸಂಗತಿ ಮೊನ್ನೆ ಮೊನ್ನೆಯದು ಅಂತ ಗೊತ್ತಾಗುತ್ತದೆ. ದೇವರ ಮನೆಯಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿಯ ಪಟ ನೋಡಿರುತ್ತೀರಿ. ಆ ಬಗೆಯ ಪಟಗಳು ಮನೆಮನೆಗೆ ಬಂದದ್ದು ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ ಮೇಲೆ. ನೀವು ಓದುವ ವಚನಗಳೂ ಹಾಗೆಯೇ. ಬಸವಣ್ಣನವರು ಹನ್ನೆರಡನೆಯ ಶತಮಾನದವರು ನಿಜ. ಆದರೆ ಇಷ್ಟೊಂದು ಜನರ ಕೈಗೆ ವಚನ ಸಿಕ್ಕಿದ್ದು ಫ.ಗು. ಹಳಕಟ್ಟಿಯವರು ತಾಳೆಗರಿ ಕಟ್ಟುಗಳನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದು, ಆಮೇಲೆ ಆಯುಷ್ಯವನ್ನೇ ಅದಕ್ಕೆ ಸವೆಸಿದ್ದರಿಂದ. ಇದು ತಿಳಿದ ಮೇಲೆ ವಚನದ ಮೇಲಿನ ಪ್ರೀತಿ ಕಡಿಮೆಯಾಗಬೇಕೇ? ನನಗಂತೂ ಜಾಸ್ತಿಯಾಯಿತು. ಕೆಲವರಿಗೆ ಮಾತ್ರ ನೆಲ ಅಲುಗಾಡಿದಂತಾಗುತ್ತದೆ. ಅಂಥ ದಿನ ಮಗಳು ಮನೆಗೆ ಫೋನ್ ಮಾಡಿದರೆ ವಾದ ಮಾಡಬೇಡಿ, ಕೇಳಿಸಿಕೊಳ್ಳಿ.

ಭಯ ಪಡಬೇಕಾದ ವಿಷಯ ಒಂದಿದೆ, ಅದು ನಂಬಿಕೆಗಿಂತ ಬೇರೆ. ನಮ್ಮಲ್ಲಿ ಈ ಕೆಲಸಕ್ಕೆ ಬೆಲೆ ತೆರಬೇಕಾಗಿ ಬಂದಿದೆ. ಎಂ.ಎಂ. ಕಲಬುರ್ಗಿಯವರು ಶರಣರ ಚರಿತ್ರೆಯ ಬಗ್ಗೆ ಬರೆದ ಕೆಲವು ಮಾತುಗಳನ್ನು 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಹಿಂದಕ್ಕೆ ಪಡೆಯಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ತಂದೆಯಾದ ನಿಮಗೆ ಇದನ್ನು ಹೇಳದೆ ‘ಕಳಿಸಿ’ ಅನ್ನುವುದು ನನಗೆ ಸರಿ ಕಾಣಲಿಲ್ಲ. ಸರ್ಕಾರ, ಕೋರ್ಟು, ಸಂಘಟನೆಗಳು ಕೂಡ ವಿದ್ವಾಂಸರಿಂದ ತೀರ್ಪು ಕೇಳುತ್ತವೆ. 2018ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಚರ್ಚೆ ಜೋರಾದಾಗ ಎರಡೂ ಕಡೆಯವರು ಸಂಶೋಧಕರ ಪುಸ್ತಕ ಹಿಡಿದೇ ವಾದ ಮಾಡಿದರು. ಈ ಬೇಡಿಕೆ ಯಾರದು, ಯಾವಾಗ ಎದ್ದಿತು, ಜನಗಣತಿಯ ಕಾಲಮ್ಮಿಗೂ ಅದಕ್ಕೂ ಏನು ಸಂಬಂಧ ಅಂತ ವಿದ್ವಾಂಸ ಹೇಳಬಲ್ಲ. ಯಾರು ಯಾವ ಧರ್ಮದವರು ಅಂತ ಹೇಳುವ ಅಧಿಕಾರ ಅವನಿಗಿಲ್ಲ. ಇದನ್ನು ಮಗಳು ಮೊದಲೇ ತಿಳಿದಿದ್ದರೆ ಅರ್ಧ ಕಷ್ಟ ಕಡಿಮೆ.

ಈಗ ಕೆಲಸ. ನಮ್ಮ ದೇಶದಲ್ಲಿ ಈ ಹೆಸರಿನ ವಿಭಾಗಗಳು ತೀರಾ ಕಡಿಮೆ. ಪಟಿಯಾಲಾ ಇದೆ, ಬಿಹಾರದ ನಳಂದಾ ಯೂನಿವರ್ಸಿಟಿಯಲ್ಲಿ ಇದೆ. ಮೈಸೂರು ಯೂನಿವರ್ಸಿಟಿಯಲ್ಲಿ ಕ್ರೈಸ್ತ ಅಧ್ಯಯನಕ್ಕೆ, ಜೈನಶಾಸ್ತ್ರ ಮತ್ತು ಪ್ರಾಕೃತಕ್ಕೆ ವಿಭಾಗಗಳಿವೆ. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ‘ಧರ್ಮಗಳ ತೌಲನಿಕ ಅಧ್ಯಯನ’ ಒಂದು ವಿಷಯವಾಗಿಯೇ ಇದೆ, ಆದರೆ ಅದನ್ನು ಪಾಸಾದವರಿಗೆ ಹುದ್ದೆ ಕೊಡುವ ಕಾಲೇಜುಗಳು ಎಷ್ಟಿವೆ ಅನ್ನುವುದೇ ತೊಂದರೆ. ಹಾಗಾಗಿ ನನ್ನ ಸಲಹೆ ಇದು. ಎಂ.ಎ.ಯನ್ನು ಇತಿಹಾಸ, ಸಮಾಜಶಾಸ್ತ್ರ ಅಥವಾ ಜಾನಪದದಲ್ಲಿ ಮಾಡಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು, ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವನ್ನೂ ನೋಡಲಿ. ಪಿಎಚ್‌.ಡಿ.ಗೆ ಧರ್ಮದ ವಿಷಯ ಹಿಡಿಯಲಿ. ಪಾಠ ಮಾಡುವ ಕೆಲಸ ಸಿಗುವುದು ಆ ದೊಡ್ಡ ವಿಭಾಗಗಳಲ್ಲೇ. ಮ್ಯೂಸಿಯಂ, ಪತ್ರಿಕೆ, ಪತ್ರಾಗಾರ, ಪ್ರಕಾಶನದ ಕೆಲಸಗಳಿಗೂ ಈ ಓದು ಬರುತ್ತದೆ. ಕೈತುಂಬಾ ಸಂಬಳ ಬೇಗ ಬರುತ್ತದೆ ಅಂತ ಮಾತ್ರ ಹೇಳಲಾರೆ.

ಆಕೆ ಮೊಹರಂ ವಿಷಯವನ್ನೇ ಮುಂದುವರಿಸುವುದಾದರೆ ಎಂ.ಎ. ಸೇರುವ ಮೊದಲೇ ಭಾಷೆ ಕಲಿಯಲು ಶುರು ಮಾಡಲಿ. ಉರ್ದು ಲಿಪಿ ಮೊದಲು, ಓಣಿಯ ದಖನಿ ಮಾತು ಅವಳಿಗೆ ಕಿವಿಯಿಂದಲೇ ಬಂದಿರುತ್ತದೆ. ಆಮೇಲೆ ಪರ್ಷಿಯನ್, ಆದಿಲ್‌ಶಾಹಿ ಕಾಲದ ಕಾಗದಪತ್ರಗಳು ಅದರಲ್ಲಿವೆ. ನಿಮ್ಮ ಕಡೆಯ ಹಳೆಯ ಜಮೀನು ದಫ್ತರಗಳಿಗೆ ಮೋಡಿ ಲಿಪಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ, ಬೇಕು. ಮೋಡಿ ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಸುತ್ತಮುತ್ತ ಯಾರಾದರೂ ಇದ್ದರೆ ಈ ರಜೆಯಲ್ಲೇ ಮಗಳನ್ನು ಅವರ ಹತ್ತಿರ ಕಳಿಸಿ.